ಬಾಣಂತಿ ಕೋಣೆಯ ಕಿಟಕಿ

ಕವಲಂದೆಯ ಮಹದೇವಮ್ಮನಿಗೆ ಗಾಳಿ ಕಂಡರೆ ಆಗದು. ಹೊಲದಲ್ಲಿ ಬೀಸುವ ಗಾಳಿಯ ಮೇಲೆ ಅವಳ ತಕರಾರಿಲ್ಲ, ರಾಗಿ ತೂರಲು ಅದು ಬೇಕೇ ಬೇಕು. ಬಸ್ಸಿನ ಕಿಟಕಿಯ ಗಾಳಿಯನ್ನೂ ತಲೆಗೆ ಸೆರಗು ಹೊದ್ದು ಹೇಗೋ ಸಹಿಸಿಕೊಳ್ಳುತ್ತಾಳೆ. ಆದರೆ ಬಾಣಂತಿ ಮಲಗಿದ ಕೋಣೆಗೆ ಸಾಸಿವೆಕಾಳು ನುಸುಳುವಷ್ಟು ಸಂದಿನಲ್ಲಿ ಗಾಳಿ ಬಂತೋ, ಅವಳ ಲೆಕ್ಕದಲ್ಲಿ ಅದು ಗಾಳಿಯಲ್ಲ, ಕಳ್ಳ.

ಐದು ವರ್ಷದ ಹಿಂದೆ ಮಗಳು ಮಧುಶ್ರೀ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಮಹದೇವಮ್ಮ ಆ ಕಳ್ಳನ ಮೇಲೆ ಯುದ್ಧವನ್ನೇ ಸಾರಿದ್ದಳು. ಮನೆಯಲ್ಲಿ ಬಿಡುವಾಗಿದ್ದದ್ದು ಪಡುವಲ ದಿಕ್ಕಿನ ಕೋಣೆಯೊಂದೇ. ಅದರ ಹಳೆ ಮರದ ಕಿಟಕಿಯ ಎರಡು ಬಾಗಿಲುಗಳು ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಒಂದನ್ನೊಂದು ಮುಟ್ಟದೆ ನಿಂತಿದ್ದವು. ಆ ಸಂದಿಗೆಲ್ಲ ಹಳೆ ಸೀರೆ ತುರುಕಿ, ಮೇಲೆ ಗೋಣಿಚೀಲ ಬಡಿದು, ಅದರ ಮೇಲೆ ಕಂಬಳಿ ಇಳಿಬಿಟ್ಟಳು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಓಡಿನಲ್ಲಿ ಕೆಂಡ. ಎಲ್ಲ ಸರಿಯೇ, ಕಾಲ ಮಾತ್ರ ಮೇ ತಿಂಗಳು. ಮಧ್ಯಾಹ್ನ ತಿರುಗಿದರೆ ಆ ಗೋಡೆ ರೊಟ್ಟಿ ಹೆಂಚಿನಂತೆ ಕಾಯುತ್ತಿತ್ತು. ತಾಯಿಗೂ ಕೂಸಿಗೂ ಮೈತುಂಬ ಬೆವರುಸಾಲೆ ಎದ್ದು, ಒಬ್ಬರನ್ನು ನೋಡಿ ಒಬ್ಬರು ಅಳತೊಡಗಿದರು. ಐದು ತಿಂಗಳು ಇರಬೇಕಾದ ಮಗಳು ಎರಡು ತುಂಬುವ ಮೊದಲೇ ಗಂಟುಮೂಟೆ ಕಟ್ಟಿದಳು. ಹೊಸ್ತಿಲಲ್ಲಿ ನಿಂತು, ಇನ್ನೊಂದು ಸಲ ಈ ಒಲೆಯೊಳಕ್ಕೆ ನನ್ನನ್ನು ಕರೀಬೇಡ ಕಣವ್ವ ಎಂದು ಹೇಳಿಯೇ ಹೋದಳು.

ಈಗ ಎರಡನೆಯದು. ಯುಗಾದಿ ಆಸುಪಾಸಿಗೆ ದಿನ ಕೊಟ್ಟಿದ್ದರು. ಸಂಕ್ರಾಂತಿ ಕಳೆದ ಮಾರನೆಯ ದಿನ ಮಧುಶ್ರೀ ತಿ. ನರಸೀಪುರದಿಂದ ಫೋನು ಮಾಡಿ, ಈ ಸಲ ಅತ್ತೆಯೇ ನೋಡಿಕೊಳ್ಳುತ್ತಾರಂತೆ, ನಮ್ಮ ರೂಮಿಗೆ ಎಸಿ ಇದೆ, ನಿನಗೂ ಸುಮ್ಮನೆ ಯಾಕೆ ತೊಂದರೆ ಎಂದಳು. ಎರಡನೆಯ ಹೆರಿಗೆ ಗಂಡನ ಮನೆಯಲ್ಲಾದರೆ ಊರಲ್ಲಿ ಯಾರೂ ಬೆರಳು ತೋರಿಸುವುದಿಲ್ಲ. ಆದರೂ ಫೋನಿಟ್ಟ ಮೇಲೆ ಮಹದೇವಮ್ಮ ಮಸೆಯುತ್ತಿದ್ದ ಸೊಪ್ಪಿನ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಬೀಗಿತ್ತಿ ಇಂದ್ರಾಣಿ ಕೆಟ್ಟವಳಾಗಿದ್ದರೆ ಮಹದೇವಮ್ಮನ ಸಂಕಟ ಸುಲಭವಾಗುತ್ತಿತ್ತು, ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಇಂದ್ರಾಣಿ ಚಿನ್ನದಂಥ ಹೆಂಗಸು. ಸೊಸೆಯನ್ನು ಕೂಗಿ ಕರೆದವಳಲ್ಲ. ಇನ್ನು ಅಳಿಯ ಸಿದ್ಧಾರ್ಥ ಹೈಸ್ಕೂಲು ಮೇಷ್ಟ್ರು, ಅವನ ಬಾಯಲ್ಲಿ ಬೆಣ್ಣೆ ಇಟ್ಟರೂ ಕರಗುವುದಿಲ್ಲ ಅನ್ನುವಷ್ಟು ತಣ್ಣನೆಯ ಮನುಷ್ಯ. ಬೇಕಾದರೆ ನಿಮ್ಮ ಮನೆಗೇ ಒಂದು ಎಸಿ ಹಾಕಿಸೋಣ ಅತ್ತೆ ಎಂದೂ ಅವನು ಹೇಳಿದ. ಬಾಗಿಲಲ್ಲಿ ಬರುವ ಗಾಳಿಯನ್ನೇ ತಡೆಯುತ್ತಿರುವಾಗ ಕಾಸು ಕೊಟ್ಟು ಬೇರೆ ಗಾಳಿ ತರುವುದೇ ಎಂದು ಮಹದೇವಮ್ಮ ಬೆಚ್ಚಿಬಿದ್ದಳು. ಯಾರ ಮೇಲೂ ಸಿಟ್ಟು ಮಾಡುವಂತಿಲ್ಲ, ದುಃಖ ಮಾತ್ರ ಹೋಗುವುದಿಲ್ಲ. ಮಗಳು ತನ್ನ ಕೈಯ ಬಾಣಂತನ ಒಲ್ಲೆ ಅಂದಳಲ್ಲ, ಅದೊಂದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಈ ಕೂಸನ್ನು ಎರೆಯುವ ಭಾಗ್ಯ ತನಗಿಲ್ಲವೇ ಎಂದು ಒಲೆಯ ಮುಂದೆ ಕೂತು ಮೂಗು ಒರೆಸಿಕೊಂಡಳು.

ಅವಳ ಗಂಡ ಮಾದು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಯಂತ್ರ ನೋಡಿಕೊಳ್ಳುವವನು, ಇನ್ನೊಂದು ವರ್ಷಕ್ಕೆ ನಿವೃತ್ತಿ. ಕಾರ್ಖಾನೆಯಲ್ಲಿ ಕಂಡದ್ದೆಲ್ಲ ಮನೆಗೂ ಬೇಕು ಅನ್ನುವ ಖಯಾಲಿ ಅವನದು. ಹಿಂದೊಮ್ಮೆ ಕೊಟ್ಟಿಗೆಗೆ ಅಪಾಯದ ಹಳದಿ ಪಟ್ಟೆ ಬಳಿದು ಎಮ್ಮೆಯನ್ನು ಬೆದರಿಸಿದ್ದ. ಆದರೆ ಈ ಸಲ ಅವನು ಅಂದದ್ದು ಕೆಲಸಕ್ಕೆ ಬರುವ ಮಾತು. ಕಾರ್ಖಾನೆಯ ಲ್ಯಾಬಿನ ಪಡುವಲ ಗೋಡೆಗೆ ಒಂದರ ಹಿಂದೊಂದು ಎರಡು ಗಾಜಿರುವ ಕಿಟಕಿ ಕೂರಿಸಿದ್ದಾರಂತೆ. ಬೆಳಕು ಧಾರಾಳವಾಗಿ ಬರುತ್ತದೆ, ಬಿಸಿಲಿನ ಝಳ ಹೊರಗೇ ನಿಲ್ಲುತ್ತದೆ, ಕರೆಂಟು ಬಿಲ್ಲೂ ಇಳಿದಿದೆ. ಗಾಳಿಯಂತೂ ಒಂದು ಎಳೆ ನುಗ್ಗುವುದಿಲ್ಲ. ಮಹದೇವಮ್ಮ ಕೇಳಿಸಿಕೊಂಡದ್ದು ಆ ಕೊನೆಯ ಮಾತನ್ನು.

ಮಾರನೆಯ ದಿನವೇ ಇಬ್ಬರೂ ನಂಜನಗೂಡಿನ ಅಮೃತೇಶನ ಕಿಟಕಿ ಅಂಗಡಿಯಲ್ಲಿದ್ದರು. ಹಣೆಗೆ ಅಚ್ಚುಕಟ್ಟಾಗಿ ವಿಭೂತಿ ಇಟ್ಟುಕೊಂಡ ಅಮೃತೇಶ್ ಮಾತಿನಲ್ಲೂ ಅಷ್ಟೇ ಅಚ್ಚುಕಟ್ಟು. ಒಂದು ಪೆಟ್ಟಿಗೆಯೊಳಗೆ ದೊಡ್ಡ ಬಲ್ಬು ಉರಿಸಿ, ಒಂದು ಬದಿಗೆ ಒಂಟಿ ಗಾಜು, ಇನ್ನೊಂದು ಬದಿಗೆ ಜೋಡಿ ಗಾಜು ಕೂರಿಸಿದ್ದ. ಕೈಯಿಟ್ಟು ನೋಡಿ ಎಂದ. ಒಂಟಿ ಗಾಜಿನ ಮೇಲಿಟ್ಟ ಕೈಯನ್ನು ಮಾದು ಚಕ್ಕನೆ ಎಳೆದುಕೊಂಡ, ಜೋಡಿ ಗಾಜಿನ ಮೇಲೆ ಎಷ್ಟು ಹೊತ್ತು ಬೇಕಾದರೂ ಇಟ್ಟಿರಬಹುದಿತ್ತು. ಎರಡು ಗಾಜಿನ ನಡುವೆ ಸೆರೆಹಿಡಿದ ಗಾಳಿ ಇದೆ, ಅದೇ ಶಾಖವನ್ನು ದಾಟಗೊಡುವುದಿಲ್ಲ, ಹೊರಗಿನ ಗಾಜಿಗೆ ಕಣ್ಣಿಗೆ ಕಾಣದ ಲೇಪವೂ ಇದೆ, ಅದು ಬಿಸಿಲನ್ನು ಬಂದ ದಾರಿಗೇ ಕಳಿಸುತ್ತದೆ ಎಂದು ಅಮೃತೇಶ್ ವಿವರಿಸಿದ. ಕಬ್ಬಿಣ, ಅಲ್ಯೂಮಿನಿಯಂ ಚೌಕಟ್ಟು ತಾವೇ ಕಾಯುತ್ತವೆ, ಈ ಯುಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕು ಕಾಯುವುದಿಲ್ಲ ಎಂದೂ ಸೇರಿಸಿದ. ಮಾದು ತಾನೇ ಕಂಡುಹಿಡಿದವನ ಹಾಗೆ ತಲೆಯಾಡಿಸಿದ. ಗಾಳಿಯನ್ನು ಸೆರೆಹಿಡಿದಿದ್ದಾರೆ ಎಂದು ಕೇಳಿ ಮಹದೇವಮ್ಮನಿಗೂ ಒಳಗೊಳಗೇ ಖುಷಿಯಾಯಿತು. ಆದರೆ ಮಾತು ಕೇಳಿ ನಂಬುವ ಪೈಕಿ ಅವಳಲ್ಲ.

ಅವಳು ಬ್ಯಾಗಿನಿಂದ ಊದುಬತ್ತಿ ಪೊಟ್ಟಣ ತೆಗೆದಳು. ಪೂಜೆಗಿರಬೇಕು ಎಂದು ಅಮೃತೇಶ್ ಕೈಮುಗಿಯಲು ಹೊರಟ. ಮಹದೇವಮ್ಮ ಅಂಗಡಿಯ ಟೇಬಲ್ ಫ್ಯಾನನ್ನು ಮಾದರಿ ಕಿಟಕಿಯ ಆಚೆ ಬದಿಗೆ ಇಡಿಸಿ, ಜೋರಾಗಿ ತಿರುಗಿಸಲು ಹೇಳಿ, ಈಚೆ ಬದಿಯಲ್ಲಿ ಉರಿಯುವ ಊದುಬತ್ತಿಯನ್ನು ಅಂಚಿನುದ್ದಕ್ಕೂ ಹಿಡಿದಳು. ಸರಿಸಿ ತೆಗೆಯುವ ಕಿಟಕಿಯ ಬಳಿ ಹೊಗೆ ಕೊಂಚ ತಲೆಯಾಡಿಸಿತು. ಅವಳು ಬೇಡ ಎಂದು ತಾನೂ ತಲೆಯಾಡಿಸಿದಳು. ಬಾಗಿಲಿನಂತೆ ತೆರೆಯುವ ಕಿಟಕಿಗೆ ಸುತ್ತ ರಬ್ಬರಿತ್ತು, ಹೊಗೆ ನೆಟ್ಟಗೆ ಮೇಲೇರಿತು. ತೆರೆಯಲಾಗದಂತೆ ಕೂರಿಸುವ ಇಡೀ ಗಾಜಿನ ಕಿಟಕಿಯ ಬಳಿಯೂ ನೆಟ್ಟಗೆ ಏರಿತು. ಅಂಗಡಿಗೆ ಬಂದಿದ್ದ ಗಿರಾಕಿಗಳೆಲ್ಲ ತಮ್ಮ ವ್ಯಾಪಾರ ಬಿಟ್ಟು ಇವಳ ಸುತ್ತ ನೆರೆದರು.

ತೆರೆಯುವಂಥದ್ದನ್ನೇ ತಗೊಳ್ಳಿ ಅಮ್ಮ, ಗಾಳಿ ತಡೆಯುವುದರಲ್ಲಿ ಎರಡೂ ಒಂದೇ, ಕೋಣೆಗೆ ಇರುವುದು ಒಂದೇ ಕಿಟಕಿ ಅಲ್ಲವೇ ಎಂದು ಅಮೃತೇಶ್ ತಿಳಿಹೇಳಿದ.

"ಇಡಿ ಇದ್ಮೇಲೆ ಒಬ್ರಲ್ಲ ಒಬ್ರು ತಗೀತಾರೆ ಕಣಪ್ಪ," ಅಂದಳು ಮಹದೇವಮ್ಮ, ಕಿಟಕಿಯ ಹಿಡಿಯನ್ನು ತೋರಿಸಿ. "ತಗಿಯಂಗೇ ಇರಬಾರ್ದು."

ಗಿರಾಕಿಯ ಮಾತಿಗೆ ಎದುರಾಡಿ ಅವನಿಗೇನಾಗಬೇಕು. ವಾರದೊಳಗೆ ಹಳೆ ಮರದ ಕಿಟಕಿ ಕಿತ್ತು, ತೆರೆಯದ ಜೋಡಿ ಗಾಜಿನ ಕಿಟಕಿ ಕೂತಿತು. ಗೋಡೆಗೂ ಚೌಕಟ್ಟಿಗೂ ನಡುವೆ ನೊರೆಯಂಥದ್ದೊಂದು ಔಷಧಿ ಹೊಡೆದು ಇದ್ದಬದ್ದ ಸಂದನ್ನೂ ಮುಚ್ಚಿದರು. ಬೀದಿಯವರೆಲ್ಲ ಬಂದು ಗಾಜಿಗೆ ಮೂಗು ತಾಗಿಸಿ ನೋಡಿಹೋದರು. ಮಹದೇವಮ್ಮ ಮಗಳಿಗೆ ಫೋನು ಮಾಡಿ, ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ, ಕೋಣೆ ನೋಡು, ಆಮೇಲೂ ಒಲ್ಲೆ ಅಂದರೆ ನಾನು ಇನ್ನು ಮಾತೆತ್ತುವುದಿಲ್ಲ ಎಂದಳು. ಮಧುಶ್ರೀ ಬರುತ್ತೇನೆ ಅಂದಳು. ಅಲ್ಲಿಗೆ ಎಲ್ಲವೂ ಆ ಭಾನುವಾರದ ಮೇಲೆ ನಿಂತಿತು.

ಭಾನುವಾರ ಬೆಳಗ್ಗೆ ಪಾಪಮ್ಮ ಬಂದಳು. ಬೀದಿಯ ಕೂಸುಗಳಿಗೆಲ್ಲ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವಳು ಅವಳೇ, ಮಧುಶ್ರೀಗೂ ಹಾಕಿದವಳು. ಕೋಣೆಯನ್ನು ಸುತ್ತು ಹಾಕಿ ನೋಡಿ, ಬಡಿಸುವ ಮೊದಲು ಉಪ್ಪು ನೋಡುವುದಿಲ್ಲವೇ, ಹಾಗೆ ಬಾಣಂತಿ ಬರುವ ಮೊದಲು ಕೋಣೆಯನ್ನೂ ನೋಡಬೇಕು, ಯಾರನ್ನಾದರೂ ಮಲಗಿಸು ಎಂದು ತೀರ್ಪು ಕೊಟ್ಟಳು. ಯಾರನ್ನು ಮಲಗಿಸುವುದು? ಜಗಲಿಯ ಮೇಲೆ ವಾರದ ರಜೆಯ ಸುಖದಲ್ಲಿ ಪೇಪರು ಓದುತ್ತಾ ಕೂತಿದ್ದ ಮಾದುವಿನ ಮೇಲೆ ಇಬ್ಬರು ಹೆಂಗಸರ ಕಣ್ಣೂ ಒಟ್ಟಿಗೆ ಬಿತ್ತು.

ಮಾದು ಎಷ್ಟು ಕೊಸರಾಡಿದರೂ ಕೇಳುವವರಿಲ್ಲ. ಬಿಸಿನೀರು ಹುಯ್ದು, ಕಿವಿಗೆ ಹತ್ತಿ ಇಟ್ಟು, ತಲೆಗೆ ಹಳೆ ಸೀರೆ ಬಿಗಿದು, ಕಂಬಳಿ ಹೊದಿಸಿ ಮಂಚದ ಮೇಲೆ ಮಲಗಿಸಿದರು. ತಲೆಬಟ್ಟೆಯ ಕೆಳಗೆ ಅವನ ಹುರಿಮೀಸೆ ಮಾತ್ರ ಕಾಣುತ್ತಿತ್ತು. ಇಂಥ ಬಾಣಂತಿಯನ್ನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ ಎಂದು ಪಾಪಮ್ಮ ದೃಷ್ಟಿ ತೆಗೆದಳು. ಕೆಂಡದ ಮೇಲೆ ಎರಡು ಹಿಡಿ ಸಾಂಬ್ರಾಣಿ ಸುರಿದು ಮಂಚದ ಕೆಳಗಿಟ್ಟಳು. ಬಾಗಿಲು ತೆಗೆದರೆ ಪರೀಕ್ಷೆ ಕೆಡುತ್ತದೆಂದು ಹೊರಗಿನಿಂದ ಚಿಲಕ ಹಾಕಿ, ಇಬ್ಬರೂ ಮನೆಯ ಪಡುವಲ ಬದಿಗೆ ಹೋಗಿ ಗಾಜಿನ ಮುಂದೆ ಎಲೆಅಡಿಕೆ ಬಿಚ್ಚಿದರು.

ತುಸು ಹೊತ್ತಿಗೆ ಮಾದು ಒಳಗಿನಿಂದ ಗಾಜಿನ ಹತ್ತಿರ ಬಂದ. ಬಾಯಿ ತೆರೆದು ಮುಚ್ಚುತ್ತಿದ್ದ, ಕೈ ಆಡಿಸುತ್ತಿದ್ದ. ಒಂದು ಸದ್ದೂ ಹೊರಗೆ ಬರಲಿಲ್ಲ. ಎರಡು ಗಾಜು ಸದ್ದನ್ನೂ ತಡೆಯುತ್ತವೆಂದು ಅಮೃತೇಶ್ ಹೇಳಿದಾಗ ಮಹದೇವಮ್ಮ ಊದುಬತ್ತಿ ಹುಡುಕುತ್ತಿದ್ದಳು. ನಿನ್ನ ಗಂಡ ಲಾಲಿ ಪದ ಹೇಳುತ್ತಿದ್ದಾನೆ ನೋಡು ಎಂದು ಪಾಪಮ್ಮ ನಕ್ಕಳು. ಮಹದೇವಮ್ಮನೂ ನಕ್ಕು, ಮಲಗಿಕೊಳ್ಳಿ ಎಂದು ಕೈಸನ್ನೆ ಮಾಡಿದಳು. ಅವನು ಇನ್ನೂ ರಭಸವಾಗಿ ಹಾಡತೊಡಗಿದ. ಆಮೇಲೆ ಗಾಜಿನ ಹಿಂದೆ ಬೆಳ್ಳಗೆ ಕವಿದು ಮೀಸೆಯೂ ಕಾಣದಾಯಿತು.

ಆಗ ಅವಳಿಗೆ ಹೊಳೆಯಿತು. ಹಳೆ ಕಿಟಕಿಗೆ ಎಷ್ಟು ಸೀರೆ ತುರುಕಿದರೂ ಹೊಗೆ ಹೇಗೋ ದಾರಿ ಮಾಡಿಕೊಂಡು ಹೋಗುತ್ತಿತ್ತು. ಇಲ್ಲಿ ಅದಕ್ಕೆ ದಾರಿಯೇ ಇಲ್ಲ. ಬಾಯಲ್ಲಿದ್ದ ಎಲೆಯನ್ನು ಉಗಿದು ಮನೆ ಸುತ್ತಿ ಓಡಿ ಚಿಲಕ ಎಳೆದಳು. ಹೊಗೆಯ ಮೋಡದೊಳಗಿಂದ ಕೆಮ್ಮುತ್ತಾ, ಕಣ್ಣು ಮೂಗು ಸುರಿಸುತ್ತಾ, ತಲೆಗೆ ಹೂವಿನ ಸೀರೆ ಸುತ್ತಿಕೊಂಡ ಮಾದು ನಡುಮನೆ ದಾಟಿ ಬೀದಿ ಬಾಗಿಲಿಗೇ ಬಂದು ನಿಂತ. ಎದುರಿಗೆ ಆಗಷ್ಟೇ ಆಟೋದಿಂದ ಇಳಿದ ಮಧುಶ್ರೀ, ಸಿದ್ಧಾರ್ಥ, ಮೊಮ್ಮಗಳು ಕವನ.

ಕವನ ತಾತನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

"ತಾತ, ಪಾಪು ಎಲ್ಲಿ?"

ಮಧುಶ್ರೀ ನಕ್ಕಳು ನೋಡಿ. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಹುಷಾರು ಹುಷಾರು ಎಂದು ಅವಳನ್ನು ಹಿಡಿಯಲು ಬಂದ ಸಿದ್ಧಾರ್ಥನೂ ನಗು ತಡೆಯಲಾರದೆ ಆಟೋದ ಕಂಬಿ ಹಿಡಿದುಕೊಂಡ. ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದುಕೊಂಡವು. ಕೊನೆಗೆ ಮಾದುವೇ ಕೆಮ್ಮಿನ ನಡುವೆ ನಗಲು ಶುರುಮಾಡಿದ. ನಗದೆ ನಿಂತವಳು ಮಹದೇವಮ್ಮ ಒಬ್ಬಳೇ. ಮಗಳಿಗೆ ತೋರಿಸಬೇಕೆಂದಿದ್ದ ಕೋಣೆ ಅವಳ ಕಣ್ಣೆದುರೇ ಹೊಗೆ ಕಾರುತ್ತಿತ್ತು. ಎಲ್ಲ ಮುಗಿಯಿತು, ಇನ್ನು ಇವಳು ಬಂದ ಹಾಗೆಯೇ ಎಂದುಕೊಂಡಳು.

ಹೊಗೆ ಆರುವ ಹೊತ್ತಿಗೆ ಊಟವಾಗಿ ಹೊತ್ತು ತಿರುಗಿತ್ತು. ಮಧುಶ್ರೀ ತಾನಾಗಿಯೇ ಎದ್ದು ಕೋಣೆಗೆ ಹೋದಳು, ಮಹದೇವಮ್ಮ ಅಪರಾಧಿಯಂತೆ ಹಿಂದೆ ಹೋದಳು. ಪಡುವಲ ಬಿಸಿಲು ಗಾಜಿನ ಮೇಲೆ ನೇರ ಬಿದ್ದಿತ್ತು. ಕೋಣೆ ಬೆಳ್ಳನೆ ಬೆಳಗುತ್ತಿತ್ತು. ಮಧುಶ್ರೀ ಗಾಜಿಗೆ ಅಂಗೈ ಒತ್ತಿದಳು, ಕೆನ್ನೆ ಒತ್ತಿದಳು. ಮಂಚದ ಮೇಲೆ ಮೆಲ್ಲಗೆ ಒರಗಿ ಕಣ್ಣುಮುಚ್ಚಿದಳು. ತಣ್ಣಗಿದೆ ಕಣವ್ವ ಎಂದಳು. ನಮ್ಮ ರೂಮಿನಲ್ಲಿ ಎಸಿ ಆರಿಸಿದ ಗಳಿಗೆಗೇ ಕಾವು ಏರುತ್ತೆ, ಇಲ್ಲಿ ಏನೂ ಹಾಕದೆ ಹೀಗಿದೆಯಲ್ಲ ಎಂದಳು. ಮಹದೇವಮ್ಮನ ಮುಖ ಅರಳುವುದರಲ್ಲಿತ್ತು. ಅಷ್ಟರಲ್ಲಿ ಮಗಳು ಗಾಜಿನ ಅಂಚನ್ನು ಸವರಿ ನೋಡಿ, ಇದು ತೆಗೆಯಲು ಬರುವುದಿಲ್ಲವೇ ಎಂದು ಕೇಳಿದಳು.

ಇಲ್ಲ ಎಂದಳು ತಾಯಿ.

ಮಧುಶ್ರೀ ಎದ್ದು ಕೂತಳು. ಅಪ್ಪ ಗಟ್ಟಿಮುಟ್ಟಾದವರು, ಬಾಗಿಲಿಗೆ ಬಂದರು, ಕೂಸು ಎಲ್ಲಿಗೆ ಬರುತ್ತೆ ಎಂದಳು. ಬಾಗಿಲ ಹೊರಗಿದ್ದ ಸಿದ್ಧಾರ್ಥ ಮೆಲ್ಲಗೆ, ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಮಲಗಿದವರು ಮಲಗಿದ ಹಾಗೇ ಉಸಿರುಗಟ್ಟಿ ಹೋಗಬಹುದು ಅತ್ತೆ, ಮಾವನ ಅದೃಷ್ಟ ಒಳ್ಳೆಯದು ಎಂದ. ಮಹದೇವಮ್ಮ ತಲೆ ಬಗ್ಗಿಸಿ ಸೆರಗಿನ ಅಂಚನ್ನು ತಿರುಚುತ್ತಾ ನಿಂತಳು. ಗಾಳಿ ಅಂದರೆ ನಿನಗೆ ಅದ್ಯಾಕವ್ವ ಅಷ್ಟು ಭಯ ಎಂದು ಮಗಳು ಕೇಳಿದಳು. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ನಿಮ್ ಚಿಕ್ಕವ್ವ ಸಣ್ಣಮ್ಮ ಇದ್ಲಲ್ಲ, ನನ್ ತಂಗಿ," ಅಂದಳು ಮಹದೇವಮ್ಮ. "ತಗಡೂರಲ್ಲಿ ಅವ್ಳಿಗೆ ಎರಿಗೆ ಆದಾಗ ಮಳೆಗಾಲ. ಕಿಟಕಿಗೆ ಬಾಗ್ಲೇ ಇರ್ನಿಲ್ಲ, ಬರೀ ಗೋಣಿತಾಟು. ಗಾಳಿಗೆ ಅದು ಕಿತ್ಕಂಡು ಓಯ್ತು. ಬೆಳಗಾಗದ್ರೊಳ್ಗೆ ಮೈ ಕೆಂಡ. ಸನ್ನಿ ಅಂದ್ರು. ಕೂಸೂ ಉಳೀನಿಲ್ಲ, ಅವ್ಳೂ ಉಳೀನಿಲ್ಲ. ಇಬ್ರನ್ನೂ ಒಂದೇ ಗುಂಡೀಲಿ ಮಲಗಿಸಿದ್ರು ಕಣವ್ವ."

ಮಧುಶ್ರೀಗೆ ಚಿಕ್ಕಮ್ಮನ ಹೆಸರು ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಐದು ವರ್ಷ ತಾನು ಒಲೆ ಎಂದು ಬೈದ ಕೋಣೆಯಲ್ಲಿ ಅವ್ವ ಏನನ್ನು ತಡೆಯುತ್ತಿದ್ದಳೆಂದು ಈಗ ಅವಳಿಗೆ ತಿಳಿಯಿತು. ತಾಯಿಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

"ಅವ್ವ, ತೆಗೆಯೋ ಕಿಟಕಿ ಹಾಕ್ಸು," ಅಂದಳು. "ಬೀಗದ ಹಿಡಿ ಇರೋದೇ ಸಿಗುತ್ತೆ. ಕೀಲಿ ನಿನ್ನ ಹತ್ರನೇ ಇರ್ಲಿ. ನೀನು ತೆಗೆದಾಗ ಗಾಳಿ ಬರಲಿ, ನೀನು ಬೇಡ ಅಂದ್ರೆ ಬೇಡ. ಕೆಂಡ ಮಾತ್ರ ಮಂಚದ ಕೆಳಗೆ ಬೇಡ. ಅಷ್ಟು ಮಾಡಿದ್ರೆ ನಾನು ಬರ್ತೀನಿ, ಐದು ತಿಂಗಳೂ ಇರ್ತೀನಿ."

ಮಹದೇವಮ್ಮ ಗಾಜನ್ನು ನೋಡಿದಳು, ಮಗಳ ಹೊಟ್ಟೆಯನ್ನು ನೋಡಿದಳು. ತನ್ನ ಅರ್ಧ ಆಯುಸ್ಸಿನ ಭಯವನ್ನು ಒಂದು ಮಾತಿಗೆ ಕೆಳಗಿಳಿಸುವುದು ಹುಡುಗಾಟವಲ್ಲ. ಹೊರಗೆ ಜಗಲಿಯಲ್ಲಿ ಮಾದು ಇನ್ನೂ ಕೆಮ್ಮುತ್ತಿದ್ದ. ಆ ಕೆಮ್ಮು ಇವಳ ಪರವಾಗಿರಲಿಲ್ಲ. ಆಗಲಿ ಬುಡು, ಹಾಕಿಸುತ್ತೇನೆ ಎಂದಳು, ಅಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಅಮೃತೇಶ್ ನಗದೆ ಬಂದು ಕಿಟಕಿ ಬದಲಾಯಿಸಿಕೊಟ್ಟ, ಅದು ಅವನ ದೊಡ್ಡತನ. ಕಳಚಿದ್ದನ್ನು ಅಂಗಡಿಯ ಮಾದರಿಗೆ ಇಟ್ಟುಕೊಂಡ. ಈಗ ಅವನ ಮೇಜಿನ ಮೇಲೆ ಬಲ್ಬಿನ ಪೆಟ್ಟಿಗೆಯ ಪಕ್ಕ ಒಂದು ಊದುಬತ್ತಿ ಪೊಟ್ಟಣವೂ ಇರುತ್ತದಂತೆ.

ಯುಗಾದಿ ಕಳೆದು ವಾರಕ್ಕೆ ಮಧುಶ್ರೀಗೆ ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ನೇರ ಕವಲಂದೆಗೆ ಬಂದರು. ಇಂದ್ರಾಣಿಯೂ ಜೊತೆಗೆ ಬಂದು, ಕೋಣೆ ನೋಡಿ, ನಮ್ಮ ಮನೆಗೂ ಇಂಥದ್ದೇ ಹಾಕಿಸಬೇಕು ಎಂದು ಹೋದಳು. ಆ ಮಾತನ್ನು ಮಹದೇವಮ್ಮ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು, ಸಿಗದವರನ್ನು ಹುಡುಕಿಕೊಂಡು ಹೋಗಿ ಹೇಳಿದಳು. ಬೆಳಗ್ಗೆ ಪಾಪಮ್ಮ ನೀರು ಹಾಕಿ, ಕೂಸಿಗೆ ಒಂದು ಚಿಟಿಕೆ ಸಾಂಬ್ರಾಣಿ ತೋರಿಸಿ ಕೆಂಡ ಹೊರಗಿಟ್ಟ ಮೇಲೆ, ಮಹದೇವಮ್ಮ ಬಾಣಂತಿಯ ತಲೆಬಟ್ಟೆ ಸರಿಮಾಡಿ ಕಿಟಕಿಯನ್ನು ತಾನೇ ತೆರೆಯುತ್ತಿದ್ದಳು. ಮೊದಲು ಒಂದು ಬೆರಳಿನಷ್ಟು, ಆಮೇಲೆ ಒಂದು ಗೇಣು. ಒಂದು ದಿನ ತೆರೆದಿಟ್ಟು ಮರೆತೇಬಿಟ್ಟಳು, ನೆನಪಾಗಿ ಓಡಿಬಂದು ನೋಡಿದರೆ ತಾಯಿ ಮಗಳು ಇಬ್ಬರೂ ಗೊರಕೆ ಹೊಡೆಯುತ್ತಿದ್ದರು. ಬೆವರುಸಾಲೆಯ ಒಂದು ಗುಳ್ಳೆಯೂ ಅವರ ಮೈಮೇಲೆ ಏಳಲಿಲ್ಲ.

ಬಿಸಿಲು ಕಾದಿದ್ದ ಒಂದು ಮಧ್ಯಾಹ್ನ ಹೊರಗೆ ಬೀದಿನಾಯಿಗಳು ನೆರಳು ಬಿಟ್ಟು ಏಳುತ್ತಿರಲಿಲ್ಲ. ಕಿಟಕಿ ಮುಚ್ಚಿತ್ತು, ಕೋಣೆ ತಣ್ಣಗಿತ್ತು. ಮಧುಶ್ರೀ ಮಲಗಿದ್ದಳು. ಮಹದೇವಮ್ಮ ಗಾಜಿನ ಬುಡದಲ್ಲಿ ಕಾಲು ಚಾಚಿ ಕೂತು, ಎರಡೂ ಕಾಲಿನ ನಡುವೆ ಕೂಸನ್ನು ಮಲಗಿಸಿಕೊಂಡಿದ್ದಳು. ಬೆಳಕು ಅದರ ಮುಖದ ಮೇಲೆಲ್ಲ ಬಿದ್ದಿತ್ತು. ರೆಪ್ಪೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಎಡಗಿವಿಯ ಹಿಂದೆ ಎಳ್ಳುಕಾಳಿನಂಥ ಮಚ್ಚೆ. ನಿದ್ದೆಯಲ್ಲೇ ಅದು ತುಟಿ ಸೊಟ್ಟ ಮಾಡಿತು, ಹುಬ್ಬು ಗಂಟಿಕ್ಕಿತು, ಏನೋ ನೆನೆಸಿಕೊಂಡು ನಕ್ಕಿತು. ಮಹದೇವಮ್ಮ ಬಗ್ಗಿ ನೋಡಿದಳು, ಇನ್ನೂ ಬಗ್ಗಿ ನೋಡಿದಳು. ಅವಳ ಕಣ್ಣು ತುಂಬಿ ಬಂತು, ಒರೆಸಿಕೊಂಡು ಮತ್ತೆ ನೋಡಿದಳು.

ಎಚ್ಚರಗೊಂಡ ಮಧುಶ್ರೀ ಗಾಬರಿಯಿಂದ, ಏನಾಯ್ತವ್ವ, ಯಾಕೆ ಹಂಗೆ ನೋಡ್ತಿದ್ದೀಯ ಎಂದಳು.

"ಏನೂ ಇಲ್ಲ ಕಣವ್ವ," ಅಂದಳು ಮಹದೇವಮ್ಮ. "ನಿನ್ನ ಎತ್ತಾಗ ಕತ್ಲೆ ಕ್ವಾಣೆ. ಬುಡ್ಡಿದೀಪ ಬುಟ್ರೆ ಇನ್ನೇನೂ ಇಲ್ಲ. ನಿನ್ ಮೂಗು ಎಂಗದೆ, ಬಾಯಿ ಎಂಗದೆ ಅಂತ ಕೈಯಲ್ಲಿ ಸವ್ರಿ ಸವ್ರಿ ತಿಳ್ಕಂಡೆ. ಮೂರು ತಿಂಗ್ಳು ಕಳುದು ಆಚ್ಗೆ ತಂದಾಗ್ಲೇ ನಿನ್ ಮಕ ಬೆಳಕಲ್ಲಿ ನೋಡಿದ್ದು. ಅಷ್ಟೊತ್ಗೆ ನೀನು ದೊಡ್ಡೋಳಾಗೋಗಿದ್ದೆ. ಕವನ ಉಟ್ದಾಗ್ಲೂ ಕಿಟಕಿಗೆ ಕಂಬ್ಳಿ ಮುಚ್ಚಿದ್ದೆ. ಇಷ್ಟು ಎಳೇ ಮಕ ಇಂಗಿರ್ತದೆ ಅಂತ ನಂಗೆ ಗೊತ್ತೇ ಇರ್ನಿಲ್ಲ."

ಮಧುಶ್ರೀ ಮಂಚದಿಂದ ಇಳಿದು ಬಂದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಅವ್ವನ ತೊಡೆಯ ಮೇಲೆ ಕೂಸಿನ ಪಕ್ಕಕ್ಕೇ ತಲೆಯಿಟ್ಟು ಮಲಗಿ, ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿದಳು.

"ಈಗ ನೋಡ್ಕೊ," ಅಂದಳು.

ಮಹದೇವಮ್ಮ ಬಟ್ಟೆ ಕಟ್ಟಿಕೋ ಎಂದು ಗದರಲಿಲ್ಲ. ಎರಡು ಮುಖವನ್ನೂ ಹೊತ್ತು ಇಳಿಯುವವರೆಗೆ ನೋಡುತ್ತಾ ಕೂತಳು.